ನಾಳ ತೆರೆದ ಮೇಲಿನ ನಿಮಿಷಗಳು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಹೃದಯಾಘಾತವಾದವರನ್ನು ಬೇಗ ಆಸ್ಪತ್ರೆಗೆ ತಲುಪಿಸಿ, ಮುಚ್ಚಿಹೋದ ರಕ್ತನಾಳವನ್ನು ತೆರೆಯುವ ವ್ಯವಸ್ಥೆಗೆ ಹಣ ಒದಗಿಸುವುದು ಸರಿಯಾದದ್ದೇ. ಹೃದಯದ ಸ್ನಾಯುವನ್ನು ಉಳಿಸಲು ಅದಕ್ಕಿಂತ ದೊಡ್ಡ ಉಪಾಯ ಇಂದಿಗೂ ಇಲ್ಲ. ಆದರೆ ನಾಳ ತೆರೆದ ನಂತರದ ಕೆಲವು ನಿಮಿಷಗಳ ಬಗ್ಗೆ, ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಹೃದಯದ ನಾಳಗಳನ್ನು ತೆರೆಯುವ ಚಿಕಿತ್ಸಾ ಕೊಠಡಿಯಲ್ಲಿ, ಬಹುಕಾಲ ಶುಶ್ರೂಷಕಿಯಾಗಿ ದುಡಿದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕಾಗಿದೆ.

ನಾಳವನ್ನು ತೆರೆದಿಡುವ ಜಾಲರಿಯ ಕೊಳವೆಯಾದ ಸ್ಟೆಂಟ್ ಸರಿಯಾಗಿ ಕೂತು ದೊಡ್ಡ ನಾಳ ಪೂರ್ತಿ ತೆರೆದಿದ್ದರೂ, ಎಕ್ಸ್-ರೇಯಲ್ಲಿ ನಾಳ ಕಾಣಲೆಂದು ಒಳಗೆ ಬಿಟ್ಟ ಕಾಂಟ್ರಾಸ್ಟ್ ದ್ರವ ಮುಂದೆ ಹರಿಯದೆ ನಿಂತುಬಿಡುವುದನ್ನು ನಾನು ಪರದೆಯ ಮೇಲೆ ಹಲವು ಬಾರಿ ನೋಡಿದ್ದೇನೆ. ಅದರಾಚೆಯ ಸೂಕ್ಷ್ಮ ನಾಳಗಳು ಬಾತುಕೊಂಡು ಕಟ್ಟಿಹೋಗಿರುತ್ತವೆ. ರಕ್ತವಿಲ್ಲದೆ ಬಳಲಿದ ಜೀವಕೋಶಕ್ಕೆ ಆಮ್ಲಜನಕ ಒಮ್ಮೆಲೇ ನುಗ್ಗಿದಾಗ, ಒಳಗೆ ಕ್ಯಾಲ್ಸಿಯಂ ಮಿತಿಮೀರಿ ಸೇರಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಪೊರೆಯಲ್ಲಿ ರಂಧ್ರ ತೆರೆದುಕೊಂಡು, ಬದುಕಬಹುದಾಗಿದ್ದ ಕೋಶವೂ ಸಾಯುತ್ತದೆ. ಪ್ರಾಣಿಗಳ ಮೇಲಿನ ಅಧ್ಯಯನಗಳ ಪ್ರಕಾರ ಕೊನೆಗೆ ಉಳಿಯುವ ಗಾಯದಲ್ಲಿ ಅರ್ಧದವರೆಗೂ ರಕ್ತ ಮರಳಿದಾಗ ಆಗುವ ಈ ಹಾನಿಯ ಪಾಲಿರಬಹುದು.

ಇದನ್ನು ತಡೆಯಬಹುದೆಂಬ ಆಸೆ ಹುಸಿಯಲ್ಲ. 1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನಾಯಿಗಳ ಹೃದಯಕ್ಕೆ 40 ನಿಮಿಷ ರಕ್ತ ತಡೆಯುವ ಮುನ್ನ ನಾಲ್ಕು ಬಾರಿ ಐದೈದು ನಿಮಿಷ ತಡೆದು ಬಿಟ್ಟಾಗ, ಗಾಯ ಕಾಲುಭಾಗಕ್ಕೆ ಇಳಿದಿತ್ತು. ಆದರೆ ಹೃದಯಾಘಾತ ಹೇಳಿ ಬರುವುದಿಲ್ಲವಾದ್ದರಿಂದ, ರೋಗಿಗೆ ಬೇಕಾದದ್ದು ನಾಳ ತೆರೆಯುವ ಹೊತ್ತಿಗೆ ಕೊಡಬಹುದಾದ ರಕ್ಷಣೆ. ಅಲ್ಲಿ ನಾವು ಸೋಲುತ್ತಲೇ ಬಂದಿದ್ದೇವೆ: ಮೈಟೊಕಾಂಡ್ರಿಯಾದ ಆ ರಂಧ್ರವನ್ನು ತಡೆಯುವ ಸೈಕ್ಲೋಸ್ಪೊರಿನ್ ಎಂಬ ಔಷಧ 2015ರ ದೊಡ್ಡ ಪರೀಕ್ಷೆಯಲ್ಲಿ ಫಲ ಕೊಡಲಿಲ್ಲ; ತೋಳಿನ ರಕ್ತವನ್ನು ಆಗಾಗ ತಡೆದು ಬಿಟ್ಟರೆ ಹೃದಯಕ್ಕೂ ರಕ್ಷಣೆ ಸಿಗಬಹುದೆಂದು, ರಕ್ತದೊತ್ತಡದ ಪಟ್ಟಿ ಕಟ್ಟಿ ಉಬ್ಬಿಸಿ ಇಳಿಸುವ ಸರಳ ಕ್ರಮವೂ 2019ರಲ್ಲಿ, ಐದು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ, ಸಾವನ್ನಾಗಲಿ ಹೃದಯ ವೈಫಲ್ಯವನ್ನಾಗಲಿ ಕಡಿಮೆ ಮಾಡಲಿಲ್ಲ.

ಪ್ರಯೋಗಾಲಯದಲ್ಲಿರುವುದು ಹೆಚ್ಚಾಗಿ ಎಳೆಯ, ಆರೋಗ್ಯವಂತ ಪ್ರಾಣಿ. ನಮ್ಮ ಮೇಜಿನ ಮೇಲೆ ಮಲಗುವವರಲ್ಲಿ ಅನೇಕರು ಮಧುಮೇಹವಿರುವ, ಹತ್ತಾರು ಮಾತ್ರೆ ನುಂಗುವ ವಯಸ್ಸಾದವರು. ಈ ಅಂತರವೇ ಸೋಲಿಗೆ ಒಂದು ಮುಖ್ಯ ಕಾರಣವೆಂದು ನಾನು ನಂಬುತ್ತೇನೆ. ಆದ್ದರಿಂದ ಸರ್ಕಾರದ ಸಂಶೋಧನಾ ಅನುದಾನದಲ್ಲಿ ನಾಳ ತೆರೆದಾಗಿನ ಹಾನಿಯನ್ನು ತಡೆಯುವ ಸಂಶೋಧನೆಗೊಂದು ಪಾಲನ್ನು ಮೀಸಲಿಡಬೇಕು. ಮನುಷ್ಯರಿಗೆ ಕೊಡುವ ಮೊದಲು ಪ್ರತಿ ಔಷಧವನ್ನೂ ವಯಸ್ಸಾದ, ಮಧುಮೇಹವಿರುವ ಪ್ರಾಣಿಗಳಲ್ಲಿ, ಒಂದಕ್ಕಿಂತ ಹೆಚ್ಚು ಪ್ರಯೋಗಾಲಯಗಳು ಒಂದೇ ವಿಧಾನದಿಂದ ಪರೀಕ್ಷಿಸಬೇಕು; ವಿಫಲವಾದ ಫಲಿತಾಂಶವನ್ನೂ ಪ್ರಕಟಿಸುವುದು ಅನುದಾನದ ಷರತ್ತಾಗಬೇಕು. ಮುಂದಿನ ಬಜೆಟ್ಟಿನ ಸಿದ್ಧತೆಯ ವೇಳೆ ತಾವು ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕ್ಯಾಥ್ ಲ್ಯಾಬಿನ ಒಬ್ಬ ಶುಶ್ರೂಷಕಿ