ಭಾನುವಾರದ ಮಾತುಕತೆ: ದೊಡ್ಡ ಫ್ಯಾಷನ್ ಮನೆಗೆ ಹೊಸ ಮುಖ್ಯ ವಿನ್ಯಾಸಕರು ಹೇಗೆ ಬರುತ್ತಾರೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಹಾಸನದ ಬಿ.ಎಂ. ರಸ್ತೆಯ ನಮ್ಮ ಹೊಲಿಗೆ ತರಗತಿಯಲ್ಲೇ ಸೇರೋಣ. ಬರುವ ಮೊದಲು ಇಷ್ಟು ಓದಿಕೊಳ್ಳಿ.

ಪ್ಯಾರಿಸ್‌ನ ಫ್ಯಾಷನ್ ಮನೆ ಶನೆಲ್‌ನಲ್ಲಿ ಕಾರ್ಲ್ ಲಾಗರ್‌ಫೆಲ್ಡ್ 1983ರಿಂದ 2019ರಲ್ಲಿ ತೀರಿಕೊಳ್ಳುವವರೆಗೂ ಮುಖ್ಯ ವಿನ್ಯಾಸಕರಾಗಿದ್ದರು. ಆಮೇಲೆ ದಶಕಗಳ ಕಾಲ ಅವರ ಜೊತೆಯಲ್ಲೇ ದುಡಿದಿದ್ದ ವರ್ಜಿನಿ ವಿಯಾರ್‌ಗೆ ಹೊಣೆ ಬಂತು. 2024ರ ಜೂನ್‌ನಲ್ಲಿ ಅವರು ಹೊರಟರು. ಇಟಲಿಯ ಫ್ಯಾಷನ್ ಮನೆ ಬೊಟ್ಟೆಗಾ ವೆನೆಟಾದಲ್ಲಿದ್ದ ಮ್ಯಾಥ್ಯೂ ಬ್ಲೇಜಿ ಹೆಸರು ಆ ಜಾಗಕ್ಕೆ ಹೊರಬಿದ್ದದ್ದು ಡಿಸೆಂಬರ್‌ನಲ್ಲಿ. ಇಟಲಿಯದೇ ಇನ್ನೊಂದು ಮನೆ ಗುಚ್ಚಿ 2015ರಲ್ಲಿ ಮಾಡಿದ್ದು ಬೇರೆ. ಹನ್ನೆರಡು ವರ್ಷದಿಂದ ಒಳಗೇ ಕೆಲಸ ಮಾಡುತ್ತಿದ್ದ, ಹೊರಗೆ ಯಾರಿಗೂ ಅಷ್ಟಾಗಿ ಗೊತ್ತಿರದ ಅಲೆಸ್ಸಾಂಡ್ರೊ ಮಿಕೆಲೆಯನ್ನು ಆರಿಸಿದರು. ವಾರದೊಳಗೆ ಅವರು ಗಂಡಸರ ಇಡೀ ಸಂಗ್ರಹವನ್ನು ಹೊಸದಾಗಿ ಮಾಡಿ ತೋರಿಸಿದರು! ನನಗಂತೂ ಈ ಆಯ್ಕೆಯೇ ಹೆಚ್ಚು ಇಷ್ಟ.

ಹಳೇ ಕಟಿಂಗ್ ಮಾಸ್ಟರ್ ಬಿಟ್ಟುಹೋದ ಅಂಗಡಿಗೆ ಗಿರಾಕಿ ಬಂದು ‘ಅದೇ ಫಿಟ್ಟಿಂಗ್ ಬೇಕು’ ಅನ್ನುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲೂ ಕಷ್ಟ ಅದೇ: ಟ್ವೀಡ್ (ದಪ್ಪ ಉಣ್ಣೆ ಬಟ್ಟೆ) ಜಾಕೆಟ್ ಶನೆಲ್‌ದೇ ಅನ್ನಿಸಬೇಕು, ಹೊಸದೂ ಅನ್ನಿಸಬೇಕು.

ಲಾಗರ್‌ಫೆಲ್ಡ್, ಬ್ಲೇಜಿ ಇಬ್ಬರದೂ ಒಂದೊಂದು ಜಾಕೆಟ್‌ನ ಫೋಟೊ ಮೊಬೈಲಲ್ಲಿ ಇಟ್ಟುಕೊಂಡು ಬನ್ನಿ. ತೋಳು, ಜೇಬು, ಗುಂಡಿ ಹೋಲಿಸಿ ನೋಡೋಣ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಕಾಫಿಗೆ ಲೆಕ್ಕ ಬೇಕು.