ಯೋಧರ ಸ್ಮಾರಕ: ಕಲ್ಲಿಗೆ ಉಳಿ ತಾಗಿಸುವ ಮೊದಲು

ಮಾನ್ಯ ಸಂಪಾದಕರೇ,

ಮಡಿದ ಯೋಧರ ಪುತ್ಥಳಿ, ಸ್ಮಾರಕಗಳ ಅನಾವರಣದ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಎಷ್ಟೋ ಕಡೆ ಪುತ್ಥಳಿಗೆ ಹಾಕಿದ ಮುಸುಕು ರಾಷ್ಟ್ರಧ್ವಜವೇ ಆಗಿರುತ್ತದೆ. ಅಭಿಮಾನದಿಂದ ಮಾಡಿದ್ದೇ ಸರಿ, ಆದರೆ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯಂತೆ ಪ್ರತಿಮೆಗೋ ಸ್ಮಾರಕಕ್ಕೋ ಧ್ವಜ ಹೊದಿಸುವುದು ಧ್ವಜಕ್ಕೆ ಮಾಡುವ ಅವಮಾನ. ಬಿಳಿ ಬಟ್ಟೆ ಸಾಕು. ಧ್ವಜ ಪಕ್ಕದ ಕಂಬದಲ್ಲಿ ಹಾರಲಿ. ಶವಪೆಟ್ಟಿಗೆಗೆ ಹೊದಿಸುವ ಧ್ವಜಕ್ಕೂ ಕ್ರಮವಿದೆ: ಕೇಸರಿ ತಲೆಯ ಕಡೆಗೆ ಬರಬೇಕು, ಚಿತೆಗೆ ಬೆಂಕಿ ಇಡುವ ಅಥವಾ ಮಣ್ಣಿಗಿಳಿಸುವ ಮುನ್ನ ಅದನ್ನು ತೆಗೆದುಬಿಡಬೇಕು. ಅಂದು ಇದನ್ನೆಲ್ಲ ನೋಡಿಕೊಳ್ಳಲು ಸೇನೆಯವರೋ ಪೊಲೀಸರೋ ಇರುತ್ತಾರೆ. ತಪ್ಪುಗಳು ಶುರುವಾಗುವುದು ಅವರು ಹೊರಟ ಮೇಲೆ, ಊರಲ್ಲಿ ಸ್ಮಾರಕ ಸಮಿತಿ ಕೂತಾಗ.

ಎಲ್ಲರ ಕಣ್ಣು ಮೊದಲು ಬೀಳುವುದು ಊರಿನ ಸರ್ಕಲ್ ಮೇಲೆ. ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಹೇಳಿದೆ. ರಸ್ತೆ ಅಗಲ ಮಾಡುವಾಗ ಕಿತ್ತು ಗೋದಾಮಿನ ಮೂಲೆಗೆ ಹಾಕಿಸಿಕೊಳ್ಳುವ ಬದಲು ಶಾಲೆಯ ಅಂಗಳವನ್ನೋ ಪಂಚಾಯಿತಿ ಜಾಗವನ್ನೋ ಆರಿಸಿ, ನಿರ್ಣಯ ಬರೆಸಿಕೊಳ್ಳಿ. ಅದೇ ನಿರ್ಣಯದಲ್ಲಿ ತೊಳೆಯುವವರು ಯಾರು ಎಂಬುದೂ ಇರಲಿ.

ಇನ್ನು ಬರಹ. ಬೆಂಗಳೂರಿನ ಬೇಗೂರಿನ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನವು ಬುಟ್ಟನಶೆಟ್ಟಿ ಎಂಬವನು ಬೆಂಗಳೂರ ಕಾಳಗದಲ್ಲಿ ಸತ್ತನೆಂದು ಹೇಳುತ್ತದೆ. ಯಾರು, ಎಲ್ಲಿ, ಯಾವ ಕಾಳಗ ಎಂಬ ಮೂರೂ ಅದರಲ್ಲಿವೆ. ನಮ್ಮ ಈಗಿನ ಕಲ್ಲುಗಳಲ್ಲಿ ‘ವೀರಯೋಧ’ ಎಂಬ ಪದ ಅಂಗೈಯಗಲ ಇರುತ್ತದೆ, ರೆಜಿಮೆಂಟಿನ ಹೆಸರೇ ಇರುವುದಿಲ್ಲ. (ಅನಾವರಣ ಮಾಡಿದ ಗಣ್ಯರ ಹೆಸರು ಮಾತ್ರ ಎಂದೂ ತಪ್ಪುವುದಿಲ್ಲ.) ಸೇವಾ ಸಂಖ್ಯೆ, ದರ್ಜೆ, ಸೇವಾ ದಾಖಲೆಯಲ್ಲಿರುವ ಹೆಸರು, ಊರವರು ಕರೆಯುತ್ತಿದ್ದ ಹೆಸರು ಬೇರೆಯಾದರೆ ಅದೂ, ಘಟಕ, ಹುಟ್ಟಿದ ದಿನ, ಮಡಿದ ದಿನ ಮತ್ತು ಜಾಗ, ಕಾರ್ಯಾಚರಣೆಯ ಹೆಸರು: ಇವಿಷ್ಟು ಬೇಕೇ ಬೇಕು. ಬಾಯಿಮಾತಿನ ಮೇಲೆ ಬರೆಸಬೇಡಿ. ಘಟಕದಿಂದ ಮನೆಗೆ ಬಂದ ಪತ್ರ ನೋಡಿ, ಅನುಮಾನವಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆದು ಕೇಳಿ.

ದಿನಾಂಕ ಎಷ್ಟು ಹೇಳುತ್ತದೆ ಎಂಬುದಕ್ಕೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನೇ ನೋಡಿ. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ್ದು 2016ರ ಫೆಬ್ರುವರಿ 3ರಂದು. ಹನುಮಂತಪ್ಪ ಕೊನೆಯುಸಿರೆಳೆದದ್ದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ, 11ರಂದು. ಹಿಮದ ಕೆಳಗೆ ಆರು ದಿನ ಜೀವ ಹಿಡಿದಿದ್ದ ಕಥೆಯೆಲ್ಲ ಈ ಎರಡು ದಿನಾಂಕಗಳ ನಡುವೆ ಇದೆ. ‘ಫೆಬ್ರುವರಿ 2016’ ಎಂದಷ್ಟೇ ಕೆತ್ತಿದರೆ ಅದು ಹೋಯಿತು. ಪಡೆಯ ಹೆಸರಿನಲ್ಲೂ ಇಂಥದೇ ಎಡವಟ್ಟು. 2019ರಲ್ಲಿ ಪುಲ್ವಾಮಾದಲ್ಲಿ ಮಡಿದವರು ಸಿಆರ್‌ಪಿಎಫ್‌ನವರು. ಅದು ಗೃಹ ಸಚಿವಾಲಯದ ಪಡೆ, ಅವರ ಫಲಕದಲ್ಲಿ ‘ಭಾರತೀಯ ಸೇನೆ’ ಎಂದು ಬರೆಯುವಂತಿಲ್ಲ. ‘ಹುತಾತ್ಮ’ ಎಂಬುದು ನಮ್ಮ ಗೌರವದ ಮಾತು, ಬರೆಯಿರಿ. ಆದರೆ ಸೇನೆಯ ಕಡತದಲ್ಲಿ ಆ ಪದವಿಲ್ಲ, ಅಲ್ಲಿರುವುದು ‘ಬ್ಯಾಟಲ್ ಕ್ಯಾಶುವಲ್ಟಿ’. ಮನೆಯವರಿಗೆ ಕೊನೆಯ ವೇತನದಷ್ಟೇ ಪಿಂಚಣಿಯೋ ಅದರ ಶೇ 60ರಷ್ಟೋ ಎಂಬುದು ಸಾವನ್ನು ಆ ವರ್ಗಕ್ಕೆ ಸೇರಿಸಿದ್ದಾರೋ ಇಲ್ಲವೋ ಎಂಬುದರ ಮೇಲೆ ನಿಂತಿರುವುದರಿಂದ, ಸಮಿತಿಯಲ್ಲಿ ಓದುಬರಹ ಬಲ್ಲ ಒಬ್ಬರು ಆ ಕಾಗದವನ್ನೂ ಒಮ್ಮೆ ನೋಡಿದರೆ ಒಳ್ಳೆಯದು.

ಕಲ್ಲಿನ ವಿಷಯದಲ್ಲಿ ಆಗುವ ದೊಡ್ಡ ತಪ್ಪು, ಅಡುಗೆಮನೆ ಕಟ್ಟೆಗೆ ಹಾಸುವ 18–20 ಮಿ.ಮೀ. ಗ್ರಾನೈಟನ್ನು ಇಟ್ಟಿಗೆ ಗೋಡೆಗೆ ಸಿಮೆಂಟಿನಲ್ಲಿ ಅಂಟಿಸುವುದು. ಗೋಡೆಯ ನೆತ್ತಿಯಿಂದ ಮಳೆನೀರು ಹಲಗೆಯ ಹಿಂದೆ ಇಳಿಯುತ್ತದೆ, ಬಿಸಿಲಿಗೆ ಕಲ್ಲು ಹಿಗ್ಗಿ ಕುಗ್ಗುತ್ತದೆ. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬಂತೆಂದರೆ ಬೀಳುವ ದಿನ ಹತ್ತಿರವಿದೆ ಎಂದೇ ಅರ್ಥ. ಅದರ ಬದಲು ಆರಡಿ ಉದ್ದ, ಎರಡಡಿ ಅಗಲ, ಆರಂಗುಲ ದಪ್ಪದ ಒಂದೇ ಕಲ್ಲು ತರಿಸಿ, ಎರಡಡಿ ನೆಲದೊಳಗೆ ಹೂತು ಕಾಂಕ್ರೀಟ್ ಹಾಕಿ. ಸುಮಾರು 450 ಕಿಲೊ ತೂಗುತ್ತದೆ, ಕ್ರೇನ್ ಇಲ್ಲದೆ ಇಳಿಸಲು ಹೋಗಬೇಡಿ. ಸುತ್ತಲಿನ ಕಟ್ಟೆ ಕಲ್ಲಿನಿಂದ ಹೊರಗಡೆಗೆ ಇಳಿಜಾರಾಗಿರಲಿ. ಫೈಬರ್ ಪುತ್ಥಳಿಗಿಂತ ಇದು ಎಷ್ಟೋ ವಾಸಿ. ಫೈಬರು ಬಿಸಿಲಿಗೆ ಬಣ್ಣ ಕಳೆದುಕೊಂಡು ಬಿರಿಯುತ್ತದೆ, ಮುಖವಂತೂ ಮೊದಲ ದಿನವೇ ಹೋಲುವುದಿಲ್ಲ.

ಲೇಸರ್ ಬರಹ ಪಾಲಿಶನ್ನಷ್ಟೇ ಗೀರುತ್ತದೆ. ಉಳಿಯಿಂದಲೋ ಮರಳು ಚಿಮ್ಮಿಸಿಯೋ 4–5 ಮಿ.ಮೀ. ಆಳಕ್ಕೆ ಕೆತ್ತಿಸಿ. ಅಕ್ಷರದ ಎತ್ತರ ಒಂದೂವರೆ ಅಂಗುಲಕ್ಕೆ ಕಡಿಮೆಯಾದರೆ ಒತ್ತಕ್ಷರದ ಸಣ್ಣ ಸುಳಿಗಳು ಒಡೆದುಹೋಗುತ್ತವೆ. ‘ಹನುಮಂತಪ್ಪ’ದ ಪ-ಒತ್ತು ಬರೀ ಗುಳಿಯಾಗಿ ಉಳಿಯುತ್ತದೆ. ಕಪ್ಪು ಕಲ್ಲಿನಲ್ಲಿ ಕೆತ್ತಿದ ಭಾಗ ತಾನೇ ಬೂದುಬಣ್ಣಕ್ಕೆ ತಿರುಗಿ ಓದಲು ಬರುವುದರಿಂದ ಚಿನ್ನದ ಬಣ್ಣ ತುಂಬುವ ಅಗತ್ಯವಿಲ್ಲ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಕೆತ್ತನೆಯವರ ಕಂಪ್ಯೂಟರಿಗೆ ಹಾಕಿದಾಗ ಫಾಂಟ್ ಬದಲಾಗಿ ಒತ್ತು, ಅರ್ಕಾವತ್ತು ಜಾಗ ತಪ್ಪುವುದು ಮಾಮೂಲು. ಹಾಗಾಗಿ ಪೂರ್ಣ ಅಳತೆಯ ಕಾಗದದ ಪ್ರತಿ ತೆಗೆಸಿ, ಮನೆಯವರಿಗೆ ಓದಿಸಿ, ಅದರ ಮೇಲೆ ಅವರ ಸಹಿ ಹಾಕಿಸಿಕೊಂಡೇ ಕೆಲಸ ಶುರು ಮಾಡಿಸಿ. ತೊಳೆಯಲು ನೀರು, ಸೋಪು ಸಾಕು. ಆ್ಯಸಿಡ್ ಬೇಡ, ಎಣ್ಣೆ ಬೇಡ.

ಬುಡದಲ್ಲಿ ನಾಲ್ಕು ಸಾಲಿನಷ್ಟು ಜಾಗ ಖಾಲಿ ಬಿಡಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಿಂದ ಮರಳಲಿಲ್ಲ. ಅಂದು ಅವರು ತಮ್ಮ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಉರುಳಿಸಿದ್ದು ಬೆಳಕಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಹೀಗೆ ತಡವಾಗಿ ಬಂದ ಸಾಲನ್ನು ಆರಂಗುಲದ ಕಲ್ಲಾದರೆ ನಿಂತಲ್ಲೇ ಕೆತ್ತಿಸಬಹುದು. ತೆಳು ಹಲಗೆ ಉಳಿಯ ಏಟಿಗೇ ಸೀಳುತ್ತದೆ.

ಇಂತಿ,
ಸ್ಮಾರಕ ಕೆಲಸದಲ್ಲಿ ತೊಡಗಿರುವ ಮಾಜಿ ಸೈನಿಕರು