ಹಾಲು, ಪಾಲು ಮತ್ತು ನಿನ್ನ ಹೊಸ ತರಗತಿ

ಬಸವನಗುಡಿ, ಬೆಂಗಳೂರು

ಚಿರಂಜೀವಿ ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ತಮಿಳು, ತೆಲುಗು, ಉರ್ದು, ಅಸ್ಸಾಮಿ ಮಾತನಾಡುವವರ ನಡುವೆ ಕುಳಿತಾಗ ಹುಟ್ಟಿದೂರಿನಲ್ಲಿಯೇ ಪರಕೀಯಳಾದಂತೆ ಅನಿಸುತ್ತದೆ ಎಂದು ಬರೆದಿದ್ದೀಯೆ. ನಿನ್ನ ಮುಜುಗರ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕಾಗಿ ಶಾಲೆ ಬದಲಿಸುವ ಆಲೋಚನೆಯನ್ನು ಒಪ್ಪಲಾರೆ.

ನನ್ನ ತರಗತಿಗೆ ದಂಡು ಪ್ರದೇಶದಿಂದ ಬಂದ ತಮಿಳು ಹುಡುಗನೊಬ್ಬ ಹಾಲನ್ನು ‘ಪಾಲು’ ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಕನ್ನಡ ಪಂಡಿತರು ಗದರಲಿಲ್ಲ. ಹಲಗೆಯ ಮೇಲೆ ಪಾಲ್, ಪಲ್, ಪೂ ಎಂದು ಬರೆದು, ಇವು ಹಳಗನ್ನಡದ ಪದಗಳೆಂದೂ, ಮೊದಲಿನ ಪಕಾರವು ಹಕಾರಕ್ಕೆ ತಿರುಗಿದ ಮೇಲೆ ನಮಗೆ ಹಾಲು, ಹಲ್ಲು, ಹೂವು ದೊರೆತವೆಂದೂ ವಿವರಿಸಿದರು. ನಾನು ಹಾಸ್ಯ ಮಾಡಿದ್ದು ನನ್ನ ಪೂರ್ವಿಕರ ನುಡಿಯನ್ನೇ ಎಂದು ತಿಳಿದಾಗ ತಲೆ ತಗ್ಗಿಸಿದೆ. ಆ ಹುಡುಗ ಇಲ್ಲದಿದ್ದರೆ ಆ ಪಾಠ ಪರೀಕ್ಷೆಯ ಟಿಪ್ಪಣಿಯಾಗಿಯೇ ಉಳಿಯುತ್ತಿತ್ತು.

ನಿನಗೂ ಇಂಥ ಅವಕಾಶಗಳು ದಿನವೂ ಇವೆ. ಎದುರಿಗಿರುವವರನ್ನು ಸೇರಿಸಿಕೊಂಡು ಹೇಳುವಾಗ ತೆಲುಗಿನವರು ‘ಮನಮು’ ಎನ್ನುತ್ತಾರೆ, ಬಿಟ್ಟು ಹೇಳುವಾಗ ‘ಮೇಮು’. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ನಿನ್ನ ತೆಲುಗು ಗೆಳತಿಯಿಂದ ಇದನ್ನು ಕೇಳಿದ ಮೇಲೆ, ನೀನು ‘ನಾವು’ ಎಂದಾಗಲೆಲ್ಲ ಆ ಮಾತಿನಲ್ಲಿ ಅವಳು ಇದ್ದಾಳೆಯೇ ಎಂದು ಒಂದು ಕ್ಷಣ ಯೋಚಿಸುವೆ. ಶಾಲೆಗೆ ಬರೆಯುವ ರಜೆ ಅರ್ಜಿಯಲ್ಲಿ ‘ರಜೆ’, ‘ಅರ್ಜಿ’ ಎರಡೂ ಅರಬ್ಬಿ ಮೂಲದಿಂದ ಬಂದು ನಮ್ಮವಾದ ಪದಗಳು ಎಂಬುದನ್ನೂ ಗಮನಿಸು.

ವರ್ಷಕ್ಕೊಮ್ಮೆ ನಾನಾ ರಾಜ್ಯಗಳ ಉಡುಪು ತೊಡಿಸಿ ವೇದಿಕೆ ಹತ್ತಿಸುವುದರಿಂದ ಈ ತಿಳಿವಳಿಕೆ ಬರುತ್ತದೆಂದು ನನಗೆ ನಂಬಿಕೆಯಿಲ್ಲ (ನಿಮ್ಮ ಶಿಕ್ಷಕರಿಗೆ ಇದನ್ನು ಹೇಳಬೇಡ). ಒಂದೇ ಬೆಂಚಿನಲ್ಲಿ ಕುಳಿತು ಜಗಳವಾಡಿ, ಡಬ್ಬಿ ಹಂಚಿಕೊಂಡು, ತಪ್ಪಾಗಿ ಮಾತನಾಡಿ ತಿದ್ದಿಸಿಕೊಳ್ಳುವುದರಿಂದ ಬರುತ್ತದೆ. ಹಾಗೆಂದು ಅವರ ಮುಂದೆ ಕನ್ನಡ ಬಿಟ್ಟುಕೊಡಬೇಡ. ನೀನು ಕಲಿಸದಿದ್ದರೆ ಅವರು ಯಾರಿಂದ ಕಲಿಯಬೇಕು?

ಕಾರ್ತಿಕದ ಕೊನೆಯ ಸೋಮವಾರ ನಮ್ಮಲ್ಲಿ ಕಡಲೆಕಾಯಿ ಪರಿಷೆ. ಆ ಅಸ್ಸಾಮಿ ಹುಡುಗಿಯನ್ನೂ ಕರೆದುಕೊಂಡು ಬಾ. ನಮ್ಮ ಗುಡಿಯ ನಂದಿ ಬಸವಣ್ಣನಿಗೆ ಕಡಲೆಕಾಯಿಯನ್ನೇ ಏಕೆ ಅರ್ಪಿಸುತ್ತೀರಿ ಎಂದು ಅವಳು ಕೇಳದೆ ಬಿಡುವುದಿಲ್ಲ. ಅದಕ್ಕೆ ಉತ್ತರವಾದ, ಕಡಲೆಕಾಯಿ ಬೆಳೆ ಮೇಯುತ್ತಿದ್ದ ಹೋರಿಯ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ಬರುವ ಮೊದಲು ನಿನ್ನ ಅಜ್ಜಿಗೆ ಫೋನ್ ಮಾಡಿ ಪೂರ್ತಿ ಕೇಳಿಸಿಕೋ.

ಇಂತು ನಿನ್ನ ಅಜ್ಜ